ಗೋಲಿ ಅಂಟಿಸಿದ ಎಎಫ್‌ಎಂ ಪ್ರೋಬ್: ಧಾರವಾಡದ ಮೂರು ಮಳೆಗಾಲ ಕಂಡ ಮೇಲೆ

ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಯಾಕೆ ಹೋಯಿತು ಅಂತ ಮುಂದೆ ಹೇಳುತ್ತೇನೆ.

ಎಎಫ್‌ಎಂ ಅಂದರೆ ಪ್ರೋಬ್‌ನಿಂದ ಮೇಲ್ಮೈ ಮುಟ್ಟಿ ಅದರ ಆಕಾರ, ಸೂಕ್ಷ್ಮ ಬಲ ಅಳೆಯುವ ಸೂಕ್ಷ್ಮದರ್ಶಕ. ಅದಕ್ಕೆ ರೆಡಿಮೇಡ್ ಕೊಲಾಯ್ಡಲ್ ಪ್ರೋಬ್ ಬಳಸುತ್ತಾ ಮೂರು ವರ್ಷವಾಯಿತು. ಕ್ಯಾಂಟಿಲಿವರ್, ಅಂದರೆ ಬಲ ಬಿದ್ದಷ್ಟು ಬಾಗುವ ಪುಟ್ಟ ಪಟ್ಟಿ, ಅದರ ತುದಿಯಲ್ಲಿ ಚೂಪು ಮೊನೆಯ ಬದಲು ಸಿಲಿಕಾ ಗೋಲಿ ಇರುತ್ತದೆ. ನನ್ನದು 10 ಮೈಕ್ರಾನ್ ವ್ಯಾಸದ್ದು. 1991ರಲ್ಲಿ ಡಕರ್, ಸೆಂಡೆನ್, ಪ್ಯಾಶ್ಲಿ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟ ದಾರಿ ಇದು. ಮೊನೆ ಯಾವಾಗ ಸವೆದಿದೆಯೋ ಗೊತ್ತಾಗಲ್ಲ. ಗೋಲಿಯಾದರೆ ತ್ರಿಜ್ಯ ಗೊತ್ತು, ಬಲವನ್ನು ಅದರಿಂದ ಭಾಗಿಸಿದರೆ ಬೇರೆಯವರ ಅಳತೆ ಜೊತೆ ಇಟ್ಟು ನೋಡಬಹುದು.

ಮೊದಲ ಜುಲೈ ಮಾತ್ರ ಮರೆಯಲ್ಲ. ಹೊರಗೆ ಜಿಟಿಜಿಟಿ ಮಳೆ. ಗಟ್ಟಿತನ ಮೀಟರಿಗೆ 0.2 ನ್ಯೂಟನ್ ಇರುವ ಮೆತ್ತನೆ ಲಿವರ್ (ಅದೇ ಕ್ಯಾಂಟಿಲಿವರ್) ಹಾಕಿ ಗಾಜಿನ ಮೇಲೆ ಇಳಿಸಿದೆ. ಎಳೆದರೆ ಬರಲೇ ಇಲ್ಲ. ಏರಿಸಿ ಇಳಿಸುವ ಪೀಜೋ ಪೂರ್ತಿ ಹಿಂದೆ ಸರಿದರೂ ಗೋಲಿ ಬಿಡಲಿಲ್ಲ. ಬಾಗುವಿಕೆ ತೋರಿಸುವ ಗೆರೆ ಇಳಿದು ಇಳಿದು ಡಿಟೆಕ್ಟರ್ ತಳ ಮುಟ್ಟಿ ಚಪ್ಪಟೆಯಾಯಿತು. ಮಳೆಯಲ್ಲಿ ಎರೆ ಹೊಲಕ್ಕೆ ಇಳಿದು ಚಪ್ಪಲಿ ಕಿತ್ತುಕೊಂಡವರಿಗೆ ಈ ಕಷ್ಟ ಗೊತ್ತು! ಆಮೇಲೆ ಲೆಕ್ಕ ಹಾಕಿದೆ. ಗೋಲಿ, ಗಾಜಿನ ನಡುವೆ ತೇವ ಸೇತುವೆ ಕಟ್ಟಿದರೆ ಹಿಡಿತ ಸುಮಾರು 4.5 ಮೈಕ್ರೋನ್ಯೂಟನ್‌ವರೆಗೆ ಹೋಗುತ್ತದೆ. ನನ್ನ ಲಿವರ್ 22 ಮೈಕ್ರಾನ್ ಬಾಗಬೇಕಿತ್ತು. ಮೇಲ್ಮೈ ಒರಟಾಗಿದ್ದರೆ ಹಿಡಿತ ಕಡಿಮೆ, ಆದರೂ ಆ ವಾರ ಅಳೆದದ್ದೆಲ್ಲ ಮಳೆಯನ್ನೇ ಅನ್ನಿ. ಈಗ ಗಾಳಿಯಲ್ಲಾದರೆ ಮೀಟರಿಗೆ 40 ನ್ಯೂಟನ್‌ನ ಗಟ್ಟಿ ಲಿವರ್. ಮೆತ್ತನೆಯದು ನೀರೊಳಗೆ ಮಾತ್ರ. ಪೂರ್ತಿ ಮುಳುಗಿದ ಮೇಲೆ ಆ ಸೇತುವೆಯೇ ಇರಲ್ಲ ಅಲ್ವಾ.

ಇನ್ನು ಕಳೆದ ಆ ಒಂದು ಅಂಕ. ಡಬ್ಬಿ ಮೇಲೆ ಗಟ್ಟಿತನ 0.2 ಅಂತ ಬರೆದಿತ್ತು, ಥರ್ಮಲ್ ನಾಯ್ಸ್‌ನಿಂದ (ಶಾಖಕ್ಕೆ ಲಿವರ್ ತಾನಾಗಿ ನಡುಗುವುದನ್ನು ನೋಡಿ) ಅಳೆದರೆ 0.31. ಸುಮ್ನೆ ಡಬ್ಬಿ ನಂಬಿದ್ದರೆ ಎಲ್ಲ ಬಲವೂ ಮೂರನೇ ಒಂದು ಪಾಲು ಕಡಿಮೆ ಬರುತ್ತಿತ್ತು. ಇದು ಹೋಗಲಿ, ಯಾರದ್ದಾದರೂ ಹೀಗೇ. ಆದರೆ ಎರಡನೇ ಡಬ್ಬಿಯ ಒಂದು ಪ್ರೋಬ್‌ನಲ್ಲಿ ಗೋಲಿಯ ಕೆಳಗಡೆಯೇ ಅಂಟು ಮೆತ್ತಿತ್ತು. ಗ್ರೇಟಿಂಗ್ ಅಂತ ಚೂಪು ಮೊನೆಗಳ ಸಾಲಿರುವ ಫಲಕದ ಮೇಲೆ ಓಡಿಸಿ ಗೋಲಿಯ ಚಿತ್ರ ತೆಗೆದಾಗ ಆ ಅಂಟು ಗುಡ್ಡದ ಹಾಗೆ ಕಂಡಿತು. ಮಾರಿದವರು "ನೀವೇ ಕೆಡಿಸಿರಬೇಕು" ಅಂದರು.

ಸಿಟ್ಟಿಗೆ ನಾವೇ ಎಪಾಕ್ಸಿ ಹಚ್ಚಿ ಅಂಟಿಸಲು ಕೂತೆವು. ಇಡೀ ಮಧ್ಯಾಹ್ನ ಹೋಗಿ ನಾಲ್ಕರಲ್ಲಿ ಒಂದು ನೆಟ್ಟಗಾಯಿತು. ಬೆಲೆ ಜಾಸ್ತಿಯಾದರೂ ಮತ್ತೆ ರೆಡಿಮೇಡೇ ತರಿಸಿದೆ. ಈ ಸಲ ಒಂದೊಂದೇ ಗೋಲಿ ನೋಡಿಯೇ ಬಿಲ್ಲಿಗೆ ಸಹಿ ಹಾಕಿದ್ದು.