ಬರೆದದ್ದನ್ನು ಹಿಂಪಡೆಯುವ ಸೌಲಭ್ಯಗಳು: ಯಾವುದು ಎಷ್ಟು ಕೆಲಸಕ್ಕೆ ಬರುತ್ತದೆ?

ವಾಟ್ಸ್‌ಆ್ಯಪ್‌ನ ‘ಡಿಲೀಟ್ ಫಾರ್ ಎವ್ರಿವನ್’ ಹೆಸರಿನಲ್ಲೇ ಕೊಂಚ ಉತ್ಪ್ರೇಕ್ಷೆ ಇದೆ. ಕಳಿಸಿದ ಮೇಲೆ ಎರಡು ದಿನಕ್ಕಿಂತ ತುಸು ಹೆಚ್ಚು ಕಾಲ ಅಳಿಸಬಹುದು; ತಿದ್ದುವುದಕ್ಕೆ 15 ನಿಮಿಷ ಮಾತ್ರ. ಅಳಿಸಿದ ಜಾಗದಲ್ಲಿ ಸಂದೇಶ ಅಳಿಸಲಾಗಿದೆ ಎಂಬ ಸಾಲು ಉಳಿಯುತ್ತದೆ; ಗುಂಪಿನವರ ಕುತೂಹಲ ಕೆರಳಿಸಲು ಅಷ್ಟು ಸಾಕು. ಆಂಡ್ರಾಯ್ಡ್ 11ರಿಂದೀಚೆಗಿನ ಫೋನ್‌ಗಳಲ್ಲಿ ‘ನೋಟಿಫಿಕೇಶನ್ ಹಿಸ್ಟರಿ’ ಆನ್ ಮಾಡಿಟ್ಟವರಿಗೆ ಹಿಂದಿನ 24 ಗಂಟೆಗಳ ನೋಟಿಫಿಕೇಶನ್‌ಗಳು ಸಿಗುತ್ತವೆ, ನೀವು ಅಳಿಸಿದ ಮಾತೂ ಅದರಲ್ಲಿರಬಹುದು. ಅಳಿಸುವುದು ವಿಫಲವಾದರೆ ನಿಮಗೆ ಸೂಚನೆ ಬರುವುದಿಲ್ಲ. ತಪ್ಪು ಗುಂಪಿಗೆ ಹೋದ ಫೋಟೊವನ್ನು ತಕ್ಷಣ ತೆಗೆಯಲು ಸರಿ. ಸಿಟ್ಟಿನಲ್ಲಿ ಬೆರಳು ಹರಿಬಿಟ್ಟದ್ದಕ್ಕೆ ಇದು ಸಾಲದು.

ಹಳೆಯ ಪೋಸ್ಟ್‌ಗಳ ವಿಷಯಕ್ಕೆ ಬಂದರೆ ಫೇಸ್‌ಬುಕ್‌ನ ವ್ಯವಸ್ಥೆ ಮಿಕ್ಕವುಗಳಿಗಿಂತ ಮೇಲು. ಮೊದಲು ಪ್ರೈವಸಿ ಸೆಟ್ಟಿಂಗ್‌ನಲ್ಲಿ ‘ಲಿಮಿಟ್ ಪಾಸ್ಟ್ ಪೋಸ್ಟ್ಸ್’ ಒತ್ತಿ. ಎಲ್ಲರಿಗೂ ಕಾಣುತ್ತಿದ್ದ ಹಳೆಯ ಪೋಸ್ಟ್‌ಗಳು ಒಂದೇ ಏಟಿಗೆ ಸ್ನೇಹಿತರಿಗೆ ಸೀಮಿತವಾಗುತ್ತವೆ. ಆದರೆ ಟ್ಯಾಗ್ ಆದವರೂ ಅವರ ಸ್ನೇಹಿತರೂ ಅವನ್ನು ನೋಡಬಲ್ಲರು. ಮನಸ್ಸು ಬದಲಾದರೆ ಒಂದೊಂದಾಗಿ ಸರಿಪಡಿಸಬೇಕು. ಆಮೇಲೆ ‘ಆ್ಯಕ್ಟಿವಿಟಿ ಲಾಗ್’ ತೆರೆದು ದಿನಾಂಕದ ಫಿಲ್ಟರ್ ಹಾಕಿ, ಬೇಡದ್ದನ್ನು ನಿಮಗೆ ಮಾತ್ರ ಕಾಣುವ ಆರ್ಕೈವ್‌ಗೋ ಟ್ರ್ಯಾಶ್‌ಗೋ ಕಳಿಸಿ. ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ಹೋಗುತ್ತದೆ. ಬಹಳ ಜನ ಇಲ್ಲಿಗೆ ಕೆಲಸ ಮುಗಿಯಿತೆಂದು ಎದ್ದುಬಿಡುತ್ತಾರೆ, ಕಾಮೆಂಟ್‌ಗಳ ವಿಭಾಗವನ್ನು ತೆರೆಯುವುದೇ ಇಲ್ಲ. ಎದುರಿಗೆ ಆಡಲಾರದ ಮಾತುಗಳು ಹೆಚ್ಚಾಗಿ ಇರುವುದು ಅಲ್ಲೇ, ಅದೂ ಬೇರೆಯವರ ಪೋಸ್ಟ್‌ನ ಕೆಳಗೆ. ಅಲ್ಲಿ ಯಾರಿಗೆ ಕಾಣಬೇಕೆಂಬುದು ನಿಮ್ಮ ಸೆಟ್ಟಿಂಗ್ ಅಲ್ಲ, ಪೋಸ್ಟ್ ಹಾಕಿದವರ ಸೆಟ್ಟಿಂಗ್.

ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಹಲವು ಪೋಸ್ಟ್‌ಗಳನ್ನು ಒಟ್ಟಿಗೆ ಅಳಿಸುವ ಸೌಲಭ್ಯವೇ ಇಲ್ಲ. ಇಷ್ಟು ವರ್ಷವಾದರೂ ಇಲ್ಲದಿರುವುದು ಅಸಡ್ಡೆಯೇ ಸರಿ. ಖಾಸಗಿ ಸೇವೆಗಳ ಮೊರೆಹೋಗಬೇಕು. 2023ರಲ್ಲಿ ಎಪಿಐನ (ಹೊರಗಿನ ಸಾಧನಗಳು ಎಕ್ಸ್‌ನೊಳಗೆ ಕೆಲಸ ಮಾಡಲು ಬಳಸುವ ದಾರಿ) ಉಚಿತ ಬಳಕೆಗೆ ಕತ್ತರಿ ಬಿದ್ದ ಮೇಲೆ ಅವುಗಳಲ್ಲಿ ಅನೇಕವು ಹಣ ಕೇಳುತ್ತವೆ. ಟೈಮ್‌ಲೈನ್ ಓದಿ ಅಳಿಸುವ ಸಾಧನಗಳಿಗೆ ಈಚಿನ 3,200 ಪೋಸ್ಟ್‌ಗಳಷ್ಟೇ ಸಿಗುತ್ತವೆ, ಅಪಾಯ ಇರುವುದು ಅದಕ್ಕೂ ಹಿಂದಿನವುಗಳಲ್ಲಿ. ನಿರ್ದೇಶಕ ಜೇಮ್ಸ್ ಗನ್ ಅವರನ್ನು ಡಿಸ್ನಿ 2018ರಲ್ಲಿ ಕೈಬಿಟ್ಟದ್ದು ವರ್ಷಗಳ ಹಿಂದೆ ಬರೆದ ಕೆಟ್ಟ ಜೋಕ್‌ಗಳಿಗಾಗಿ. 2019ರಲ್ಲಿ ಮರಳಿ ಕರೆಸಿಕೊಂಡಿತು. ಆ ಅದೃಷ್ಟ ಎಲ್ಲರದ್ದಲ್ಲ. ಹಾಗಾಗಿ ಸೆಟ್ಟಿಂಗ್‌ನಿಂದ ಆರ್ಕೈವ್, ಅಂದರೆ ನಿಮ್ಮ ಖಾತೆಯ ದತ್ತಾಂಶದ ಪ್ರತಿಯನ್ನು, ಜಿಪ್ ಫೈಲಾಗಿ ತರಿಸಿಕೊಳ್ಳಿ, ಅದು ಸಿದ್ಧವಾಗಲು ಒಂದು ದಿನವೋ ಹೆಚ್ಚೋ ಬೇಕು. ಜಿಪ್ ಫೈಲನ್ನು ಇಡಿಯಾಗಿ ಯಾರಿಗೂ ಕೊಡಬೇಡಿ, ನಿಮ್ಮ ಖಾಸಗಿ ಸಂದೇಶಗಳೂ ಅದರೊಳಗಿವೆ. ಅದರಲ್ಲಿ ನಿಮ್ಮ ಪೋಸ್ಟ್‌ಗಳಿರುವ ‘ಟ್ವೀಟ್ಸ್.ಜೆಎಸ್’ ಫೈಲ್ ಒಂದನ್ನೇ ಕೊಟ್ಟರೆ ಸಾಕೆನ್ನುವ ಸೇವೆಯನ್ನು ಆರಿಸಿ. ಕೆಲಸ ಮುಗಿದೊಡನೆ ‘ಕನೆಕ್ಟೆಡ್ ಆ್ಯಪ್ಸ್’ಗೆ ಹೋಗಿ ಅದರ ಅನುಮತಿ ಕಿತ್ತುಹಾಕಿ. ಆರ್ಕೈವನ್ನು ಮಾತ್ರ ಇಟ್ಟುಕೊಳ್ಳಿ: ನಾಳೆ ಯಾರಾದರೂ ಅರ್ಧ ಸ್ಕ್ರೀನ್‌ಶಾಟ್ ತೋರಿಸಿದರೆ ಪೂರ್ತಿ ಮಾತು ಏನಿತ್ತೆಂದು ಹೇಳಲು ನಿಮ್ಮ ಬಳಿ ಬೇರೇನೂ ಇರದು. ದೂರು ಅಥವಾ ಮೊಕದ್ದಮೆ ಈಗಾಗಲೇ ಶುರುವಾಗಿದ್ದರೆ ವಕೀಲರನ್ನು ಕೇಳದೆ ಏನನ್ನೂ ಅಳಿಸಬೇಡಿ, ಸಾಕ್ಷ್ಯನಾಶದ ಆರೋಪ ಮೂಲ ಪೋಸ್ಟ್‌ಗಿಂತ ದುಬಾರಿಯಾದೀತು.

ಇನ್‌ಸ್ಟಾಗ್ರಾಮ್ ‘ಯುವರ್ ಆ್ಯಕ್ಟಿವಿಟಿ’ಯಲ್ಲಿ ಹಲವನ್ನು ಒಟ್ಟಿಗೆ ಗುರುತಿಸಿ ಅಳಿಸಲು ಬಿಡುತ್ತದೆ. ಬಳಕೆಗೆ ಸುಲಭ, ದೂರುವಂಥದ್ದೇನಿಲ್ಲ.

ಇವೆಲ್ಲ ಬರೆದಾದ ಮೇಲಿನ ಉಪಾಯಗಳು. ನಮ್ಮ ಅಂಕ ಹೆಚ್ಚು ಬೀಳುವುದು ಮುಂಚೆಯೇ ತಡೆಯುವ ಸೌಲಭ್ಯಗಳಿಗೆ. ಆನ್‌ಲೈನ್‌ನಲ್ಲಿ ಜನ ಹಿಡಿತ ಕಳೆದುಕೊಳ್ಳುವುದೇಕೆಂದು ಮನಶ್ಶಾಸ್ತ್ರಜ್ಞ ಜಾನ್ ಸೂಲರ್ 2004ರಲ್ಲಿ ಆರು ಕಾರಣಗಳನ್ನು ಕೊಟ್ಟರು. ಮುಖ ಕಾಣದಿರುವುದು, ಪ್ರತಿಕ್ರಿಯೆ ತಕ್ಷಣ ಎದುರಾಗದಿರುವುದು ಅವುಗಳಲ್ಲಿ ಎರಡು. ಅಳಿಸುವ ಬಟನ್ ಈ ಕಾರಣಗಳಲ್ಲಿ ಒಂದನ್ನೂ ಮುಟ್ಟುವುದಿಲ್ಲ. ಆಮೇಲೆ ಅಳಿಸಿದರಾಯಿತು ಎಂಬ ಧೈರ್ಯವನ್ನು ಕೊಡುವುದೂ ಉಂಟು. ಜಿಮೇಲ್‌ನ ‘ಅನ್‌ಡು ಸೆಂಡ್’ ಕಳಿಸಿದ್ದನ್ನು ಹಿಂದಕ್ಕೆ ತರುವುದಿಲ್ಲ, ಕಳಿಸುವುದನ್ನೇ ತಡಮಾಡುತ್ತದೆ. ಅದಕ್ಕೇ ಅದು ಸೋರುವುದಿಲ್ಲ. ಮೂಲತಃ 5 ಸೆಕೆಂಡಿಗೆ ಇರುವುದನ್ನು ಸೆಟ್ಟಿಂಗ್‌ನಲ್ಲಿ 30ಕ್ಕೆ ಏರಿಸಿ. ಟ್ವಿಟರ್ 2021ರಲ್ಲಿ, ಕಟುವಾದ ಉತ್ತರ ಹೊರಡುವ ಮುನ್ನ ಮತ್ತೊಮ್ಮೆ ನೋಡಿ ಎನ್ನುವ ಸೂಚನೆ ತಂದಿತ್ತು. ಪರೀಕ್ಷೆಯಲ್ಲಿ ಅದನ್ನು ಕಂಡವರಲ್ಲಿ 34% ಮಂದಿ ಉತ್ತರವನ್ನು ತಿದ್ದಿದರು ಅಥವಾ ಕಳಿಸಲೇ ಇಲ್ಲ ಎಂದು ಕಂಪನಿ ಹೇಳಿತು. ಬೇರೆ ಯಾವ ಆ್ಯಪ್‌ನಲ್ಲೂ ಈ ಕೆಲಸಕ್ಕೆ ಡ್ರಾಫ್ಟ್‌ಗಿಂತ ಅಗ್ಗದ ಉಪಾಯವಿಲ್ಲ: ಬರೆದು, ಉಳಿಸಿ, ಆ್ಯಪ್ ಮುಚ್ಚಿ.

ಅಳಿಸಿದ ಮೇಲೂ ಗೂಗಲ್ ಹುಡುಕಾಟದಲ್ಲಿ ಹಳೆಯ ಸಾಲುಗಳು ಕಾಣುತ್ತಿದ್ದರೆ ‘ರಿಫ್ರೆಶ್ ಔಟ್‌ಡೇಟೆಡ್ ಕಂಟೆಂಟ್’ ಪುಟದಲ್ಲಿ ಆ ಲಿಂಕ್ ಕೊಡಿ. ವೆಬ್‌ಪುಟಗಳ ಹಳೆಯ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲಿ ಪ್ರತಿ ಸಿಕ್ಕರೆ ಅದನ್ನು ನಡೆಸುವ ಇಂಟರ್ನೆಟ್ ಆರ್ಕೈವ್‌ಗೆ ಇಮೇಲ್ ಬರೆದು ಕೋರಬೇಕು. ತೆಗೆಯುವ ಖಾತ್ರಿ ಮಾತ್ರ ಇಲ್ಲ.