ಮ್ಯಾನ್ಲಿಯೋ ಕ್ರೊನಲ್ಲಾವೋ: ಸಿಡ್ನಿಯ ಎರಡು ಕಡಲಬದಿಗಳಲ್ಲಿ ಇದ್ದು ನೋಡಿದ್ದು

ಸಿಡ್ನಿಗೆ ಬರುವ ನಮ್ಮವರು ಹೆಚ್ಚಾಗಿ ವೆಂಟ್‌ವರ್ತ್‌ವಿಲ್, ವೆಸ್ಟ್‌ಮೀಡ್, ಹ್ಯಾರಿಸ್ ಪಾರ್ಕ್ ಕಡೆ ಮನೆ ಹಿಡಿಯುತ್ತಾರೆ. ಅಕ್ಕಿ, ಬೇಳೆ, ಕರಿಬೇವು ನಡೆದು ಹೋಗುವಷ್ಟು ಹತ್ತಿರ ಸಿಗುತ್ತದೆ, ಪರಿಚಯದವರು ನಾಲ್ಕು ಮನೆ ಇರುತ್ತಾರೆ. ಕಡಲ ಬದಿಗೇ ಹೋಗೋಣ ಎಂದು ಹಟ ಹಿಡಿದವಳು ನಾನು. ಮಲ್ಪೆಯ ಹತ್ತಿರ ಹುಟ್ಟಿ ಬೆಳೆದು ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಕಳೆದವಳಿಗೆ, ರಾತ್ರಿ ಮಲಗಿದಾಗ ಮತ್ತೆ ಅಲೆಯ ಸದ್ದು ಕೇಳಬೇಕೆಂಬ ಆಸೆ ಇತ್ತು. 2017ರಲ್ಲಿ ನಗರದ ಉತ್ತರಕ್ಕಿರುವ ಮ್ಯಾನ್ಲಿಯಲ್ಲಿ ಫ್ಲಾಟ್ ಹಿಡಿದೆವು. 2019ರ ಕೊನೆಗೆ ದಕ್ಷಿಣದ ಕ್ರೊನಲ್ಲಾಕ್ಕೆ ಬಂದೆವು, ಈಗಲೂ ಇಲ್ಲೇ ಇದ್ದೇವೆ. ಎರಡರಲ್ಲಿ ಯಾವುದು ಒಳ್ಳೆಯದು ಎಂದು ಕೇಳುವವರು ಬಹಳ. ಅವರಿಗಾಗಿ ಇದು.

ಒಂದು ವಿಷಯ ಮೊದಲೇ ಹೇಳಬೇಕು, ನನ್ನ ತೀರ್ಮಾನ ನಿಂತಿರುವುದೇ ಅದರ ಮೇಲೆ. ಕಡಲಿನ ಬದಿಯಲ್ಲೇ ಬೆಳೆದರೂ ನನಗೆ ಈಜು ಬರುತ್ತಿರಲಿಲ್ಲ. ನಮ್ಮ ಕಡೆ ಹುಡುಗರು ಹೊಳೆಯಲ್ಲಿ, ತೋಟದ ಕೆರೆಯಲ್ಲಿ ಬಿದ್ದೆದ್ದು ಕಲಿಯುತ್ತಿದ್ದರು. ನಾವು ಲಂಗ ಎತ್ತಿ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತರೆ ಮುಗಿಯಿತು, ದಡದಿಂದ ಯಾರಾದರೂ ಕೂಗಿ ಕರೆಯುತ್ತಿದ್ದರು. ಹಾಗಾಗಿ ಸರ್ಫ್ ಮಾಡುವವರ ಕಣ್ಣಿಗೆ ಈ ಹೋಲಿಕೆ ಬೇರೆ ಥರ ಕಾಣಬಹುದು. ಈಜು ಬಾರದ ದೊಡ್ಡವರು, ಮೊಣಕಾಲು ನೋವಿನ ಹಿರಿಯರು, ಪುಟ್ಟ ಮಕ್ಕಳು ಇರುವ ಮನೆಯವರಿಗೆ ನನ್ನ ಮಾತು ಉಪಯೋಗಕ್ಕೆ ಬಂದೀತು.

ಕೆಲಸಕ್ಕೆ ಹೋಗಿಬರುವ ದಾರಿಯ ಮಾತು ಬಂದರೆ ಮ್ಯಾನ್ಲಿಗೆ ಸಾಟಿಯಿಲ್ಲ. ಅಲ್ಲಿಗೆ ರೈಲಿಲ್ಲ, ಇರುವುದು ಫೆರಿ. ನಗರದ ನಡುವಿನ ಫೆರಿ ನಿಲ್ದಾಣ ಸರ್ಕ್ಯುಲರ್ ಕೀಯಿಂದ ದೊಡ್ಡ ಫೆರಿಯಲ್ಲಿ ಅರ್ಧ ಗಂಟೆ, ವೇಗದ ಫೆರಿಯಲ್ಲಿ ಇಪ್ಪತ್ತು ನಿಮಿಷದ ಆಸುಪಾಸು. 'ಸಿಡ್ನಿಯಿಂದ ಏಳು ಮೈಲಿ, ಚಿಂತೆಯಿಂದ ಸಾವಿರ ಮೈಲಿ' ಎಂಬುದು ಹಳೆಯ ಕಾಲದ ಜಾಹೀರಾತು, ಇಲ್ಲಿಯ ಜನ ಈಗಲೂ ಅದನ್ನು ಹೇಳುತ್ತಾರೆ. ಸಂಜೆ ಹೊರಗಿನ ಬೆಂಚಿನಲ್ಲಿ ಕೂತರೆ ಆಪೆರಾ ಹೌಸ್ ಮೆಲ್ಲಗೆ ಹಿಂದೆ ಸರಿಯುತ್ತದೆ, ಆಫೀಸಿನ ಮಾತುಗಳೆಲ್ಲ ಅದರ ಜೊತೆಗೇ ಹೋಗುತ್ತವೆ. ನಾರ್ತ್ ಹೆಡ್, ಸೌತ್ ಹೆಡ್ ಎಂಬ ಎರಡು ಬಂಡೆಗೋಡೆಗಳ ನಡುವೆ ಬಂದರು ಮಹಾಸಾಗರಕ್ಕೆ ಬಾಯಿ ತೆರೆಯುವ ಜಾಗ ಬಂದಾಗ ಇಡೀ ಹಡಗು ಒಮ್ಮೆ ಮೇಲೆದ್ದು ಕೆಳಗಿಳಿಯುತ್ತದೆ. ನನ್ನ ಮಗಳು ಕಂಬಿ ಹಿಡಿದು ಅದಕ್ಕಾಗಿಯೇ ಕಾಯುತ್ತಿದ್ದಳು.

ಆದರೆ ಸಮುದ್ರ ಕೆರಳಿದ ದಿನ ಫೆರಿ ನಿಲ್ಲಿಸುವುದೂ ಇದೇ ಜಾಗವೇ. ಆಗ ಬಸ್ಸೇ ಗತಿ. ಸ್ಪಿಟ್ ಸೇತುವೆಯ ಮೇಲೆ ವಾಹನಗಳ ಸಾಲು. ದೋಣಿಗಳಿಗೆ ದಾರಿ ಬಿಡಲು ಆ ಸೇತುವೆಯನ್ನು ಎತ್ತುವ ಹೊತ್ತಾಗಿದ್ದರೆ ಇನ್ನೂ ತಡ. ಮಗಳನ್ನು ಡೇಕೇರ್‌ನಿಂದ ಆರು ಗಂಟೆಯೊಳಗೆ ಕರೆದುಕೊಂಡು ಬರಬೇಕಾದ ತಾಯಿಗೆ ಆ ಸಂಜೆಗಳು ಹೇಗಿರುತ್ತವೆ ಎಂದು ಅನುಭವಿಸಿದವರಿಗೇ ಗೊತ್ತು.

ಕ್ರೊನಲ್ಲಾದ ರೈಲಿಗೆ ಆ ಚೆಲುವಿಲ್ಲ. ನಗರದ ಮುಖ್ಯ ಸ್ಟೇಷನ್ ಸೆಂಟ್ರಲ್‌ಗೆ ಐವತ್ತು ನಿಮಿಷದಷ್ಟು ಹಿಡಿಯುತ್ತದೆ. ಕೋಮೋದಲ್ಲಿ ಜಾರ್ಜಸ್ ನದಿ ದಾಟುವ ಒಂದು ನಿಮಿಷ ಬಿಟ್ಟರೆ ಕಿಟಕಿಯಾಚೆ ನೋಡುವಂಥದ್ದು ಹೆಚ್ಚೇನಿಲ್ಲ. ಆದರೆ ಸಾಲಿನ ಕೊನೆಯ ಸ್ಟೇಷನ್ ಆದ್ದರಿಂದ ಬೆಳಿಗ್ಗೆ ಸೀಟು ಸಿಕ್ಕೇ ಸಿಗುತ್ತದೆ, ಟಿಕೆಟ್ಟೂ ಫೆರಿಗಿಂತ ಕಡಿಮೆ. ಸಿಡ್ನಿಯಲ್ಲಿ ಅಲೆಯ ಕಡಲತೀರದ ಬಾಗಿಲಿಗೇ ರೈಲು ಬರುವುದು ಇಲ್ಲೊಂದೇ ಕಡೆ. ಹಳಿ ಹಾಕಿದ್ದು 1939ರಲ್ಲಿ. ಒಂಟಿ ಹಳಿಯಾಗಿ ಉಳಿದಿದ್ದ ಭಾಗಗಳನ್ನು 2010ರಲ್ಲಿ ಜೋಡಿ ಮಾಡಿದ ಮೇಲೆ ರೈಲುಗಳೂ ಹೆಚ್ಚಾದವು. ಸ್ಟೇಷನ್ ನಿಂತಿರುವುದು ಕಿರಿದಾದ ನೆಲದ ಪಟ್ಟಿಯ ಮೇಲೆ. ಪೂರ್ವಕ್ಕೆ ಐದು ನಿಮಿಷ ನಡೆದರೆ ಮಹಾಸಾಗರ, ಪಶ್ಚಿಮಕ್ಕೆ ಅಷ್ಟೂ ಬೇಡ, ಗನ್ನಮಟ್ಟಾ ಕೊಲ್ಲಿ.

ಈ ಪಶ್ಚಿಮದ ನೀರೇ ನಮ್ಮನ್ನು ಇಲ್ಲಿ ಉಳಿಸಿದ್ದು.

ಮ್ಯಾನ್ಲಿಯ ದೊಡ್ಡ ಕಡಲತೀರ ನೋಡಲು ಎಷ್ಟು ಚೆಂದವೋ ನನ್ನಂಥವಳಿಗೆ ಅಷ್ಟೇ ದೂರ. 1902ರಲ್ಲಿ, ಹಗಲು ಹೊತ್ತು ಕಡಲಿಗಿಳಿಯುವುದು ಕಾನೂನಿಗೆ ವಿರುದ್ಧವಾಗಿದ್ದಾಗ, ವಿಲಿಯಂ ಗೋಚರ್ ಎಂಬ ಪತ್ರಿಕಾ ಸಂಪಾದಕರು ಮೊದಲೇ ಸಾರಿ ಹೇಳಿ ನೀರಿಗಿಳಿದದ್ದು ಇದೇ ಮ್ಯಾನ್ಲಿಯಲ್ಲಿ. ಅದನ್ನು ಓದಿದಾಗ ದಡದಿಂದ ಕೂಗಿ ಕರೆಯುತ್ತಿದ್ದ ನಮ್ಮ ಹಿರಿಯರು ನೆನಪಾದರು. ಹೀಗೆ ಎಲ್ಲರಿಗೂ ತೆರೆದುಕೊಂಡ ನೀರಿಗೆ ನಾನು ಮಾತ್ರ ಎರಡು ವರ್ಷ ಹೆದರುತ್ತಲೇ ಇದ್ದೆ. ಕಾವಲಿರುವ ಜಾಗ ತೋರಿಸುವ ಕೆಂಪು ಹಳದಿ ಬಾವುಟಗಳ ನಡುವೆ, ಲೈಫ್‌ಗಾರ್ಡ್ ಕಣ್ಣಳತೆಯಲ್ಲೇ ನಿಂತಿದ್ದರೂ ಅಲೆ ಸೊಂಟಕ್ಕೆ ಬಡಿದರೆ ಕಾಲ ಕೆಳಗಿನ ಮರಳು ಜಾರುತ್ತಿತ್ತು. ಫೇರಿ ಬೋವರ್‌ನ ತ್ರಿಕೋನದ ಬಂಡೆಗೊಳ ಸುಂದರವಾದದ್ದು, ಆದರೆ ಪುಟ್ಟದು; ಬೇಸಿಗೆಯ ಭಾನುವಾರ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಲಿಟ್ಲ್ ಮ್ಯಾನ್ಲಿಯಲ್ಲಿ ಬಲೆ ಕಟ್ಟಿದ ಈಜು ಜಾಗವೊಂದಿದೆ. ಹೊಸದಾಗಿ ಕಲಿಯುವವರು ಮ್ಯಾನ್ಲಿಯಲ್ಲಿ ಮನೆ ಹಿಡಿದರೆ ಅಲ್ಲಿಗೇ ಹೋಗಿ. ನಮ್ಮ ಮನೆಯಿಂದ ಅದು ಗುಡ್ಡದ ಆಚೆ, ಕೆಲಸದ ದಿನ ಹೋಗಿಬರಲು ಆಗುತ್ತಿರಲಿಲ್ಲ.

ಗನ್ನಮಟ್ಟಾದ ಈಜು ಜಾಗಕ್ಕೆ ಇಲ್ಲಿಯವರು 'ಬಾತ್ಸ್' ಎನ್ನುತ್ತಾರೆ. ಕೊಲ್ಲಿಯ ನೀರಿಗೇ ಬಲೆಯ ಆವರಣ ಕಟ್ಟಿದ್ದಾರೆ, ಅಲೆಯಿಲ್ಲ, ಒಳಗೆ ಹೋಗಲು ಹಣ ಕೊಡಬೇಕಾಗಿಲ್ಲ. ಇಳಿತದ ಹೊತ್ತಿಗೆ ದಡದ ಕಡೆ ಎದೆಮಟ್ಟವೂ ಇರುವುದಿಲ್ಲ, ಉಬ್ಬರ ಬಂದಾಗ ತುಂಬಿಕೊಳ್ಳುತ್ತದೆ. ಬೆಳಿಗ್ಗೆ ಆರೂವರೆಗೆ ಹಿರಿಯ ಹೆಂಗಸರ ಗುಂಪೊಂದು ಬರುತ್ತದೆ. ನಾನು ಮೆಟ್ಟಿಲ ಬಳಿಯೇ ನೀರು ಚಿಮುಕಿಸಿಕೊಳ್ಳುತ್ತಿದ್ದುದನ್ನು ನೋಡಿ ಎಂಬತ್ತರ ಹತ್ತಿರದ ಒಬ್ಬ ಅಜ್ಜಿ ಬಂದು ನನ್ನ ಬೆನ್ನಿನ ಕೆಳಗೆ ಅಂಗೈ ಇಟ್ಟರು. ಕತ್ತು ಸಡಿಲ ಬಿಡು, ಕಿವಿ ನೀರಿಗೆ ಹೋದರೆ ಹೋಗಲಿ, ಗಲ್ಲ ಮೇಲೆತ್ತಿ ಆಕಾಶ ನೋಡು ಎಂದರು. ಕಿವಿಗೆ ನೀರು ತುಂಬಿ ಹೊರಗಿನ ಸದ್ದೆಲ್ಲ ನಿಂತಿತು. ನನ್ನ ಉಸಿರು ನನಗೇ ಕೇಳಿಸಿತು. ಅವರು ಕೈ ತೆಗೆದದ್ದು ಯಾವಾಗಲೋ ಗೊತ್ತಾಗಲಿಲ್ಲ, ಮೂವತ್ತೆಂಟನೇ ವಯಸ್ಸಿನಲ್ಲಿ ಮೊದಲ ಸಲ ತೇಲಿದ್ದೆ. ದಡಕ್ಕೆ ಬಂದು ಟವೆಲ್ ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟೆ.

ಸಂಜೆಗೂ ಇಲ್ಲಿ ಒಂದು ವಿಶೇಷವಿದೆ. ನಮ್ಮ ಕರಾವಳಿಯಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ. ಸಿಡ್ನಿಯಲ್ಲಿ ಕಡಲಿನಿಂದ ಏಳುತ್ತಾನೆ. ಮ್ಯಾನ್ಲಿಯಲ್ಲಿದ್ದಾಗ ದಿನ ಮುಗಿಯುವ ಹೊತ್ತಿಗೆ ದೊಡ್ಡ ತೀರ ಮಂಕಾಗುವುದನ್ನು ನೋಡಿ ಮನಸ್ಸಿಗೆ ಏನೋ ತಪ್ಪಿದ ಹಾಗೆ ಇರುತ್ತಿತ್ತು. ಗನ್ನಮಟ್ಟಾ ಪಶ್ಚಿಮಕ್ಕೆ ಮುಖ ಮಾಡಿದೆ. ನೀರಿನ ಮೇಲೆ ಕೆಂಪು ಹರಡುತ್ತದೆ, ಬಂಡೀನಾದಿಂದ ಬರುವ ಪುಟ್ಟ ಫೆರಿ ಅದನ್ನು ಸೀಳಿಕೊಂಡು ದಕ್ಕೆಗೆ ತಾಗುತ್ತದೆ. ಬಂಡೀನಾ ಅಂದರೆ ಆಚೆ ದಡದ ಊರು, ಅದರ ಬೆನ್ನಿಗೇ 1879ರಲ್ಲಿ ಘೋಷಿಸಿದ ರಾಯಲ್ ನ್ಯಾಷನಲ್ ಪಾರ್ಕ್. ರಜೆಯ ದಿನ ಬುತ್ತಿ ಕಟ್ಟಿಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ದಿನಸಿಯ ಮಾತು ಬೇಗ ಮುಗಿಯುತ್ತದೆ. ಎರಡೂ ಕಡೆ ಸೂಪರ್‌ಮಾರ್ಕೆಟ್, ಕಾಫಿ, ಬ್ರೆಡ್ಡಿಗೆ ಕೊರತೆಯಿಲ್ಲ. ಉದ್ದಿನಬೇಳೆ, ಕುಸಲಕ್ಕಿಗೆ ಕೊರತೆ. ಮ್ಯಾನ್ಲಿಯಿಂದ ಹ್ಯಾರಿಸ್ ಪಾರ್ಕಿಗೆ ಫೆರಿ, ರೈಲು ಹಿಡಿದು ಹೋಗಿಬಂದರೆ ಅರ್ಧ ದಿನ ಕಳೆದಂತೆ. ಕ್ರೊನಲ್ಲಾದಿಂದ ಮೂರನೇ ಸ್ಟೇಷನ್ ಮಿರಾಂಡಾದಲ್ಲಿ ದೊಡ್ಡ ಮಾಲ್ ಇದೆ. ಅದೇ ಸಾಲಿನಲ್ಲಿ ಮುಂದೆ ರಾಕ್‌ಡೇಲ್‌ನಲ್ಲಿ ನೇಪಾಳಿಗಳ ಅಂಗಡಿಗಳು, ಅಲ್ಲಿ ನಮಗೆ ಬೇಕಾದ ಬೇಳೆಕಾಳು, ಮಸಾಲೆ ಎಲ್ಲ ಸಿಗುತ್ತದೆ. ಹೆಲೆನ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನವೂ ಈ ಕಡೆಗೇ ಹತ್ತಿರ. ಮ್ಯಾನ್ಲಿಯಲ್ಲಿದ್ದಾಗ ಇಡೀ ನಗರ ದಾಟಿ ಹೋಗುತ್ತಿದ್ದೆವು. ಬಂಗುಡೆಯ ಹತ್ತಿರದ ನೆಂಟನಂಥ ಒಂದು ಮೀನನ್ನು ಇಲ್ಲಿಯವರು ಗಾಳಕ್ಕೆ ಸಿಕ್ಕಿಸುವ ಎರೆಯಾಗಿ ಬಳಸುತ್ತಾರೆ. ತಾಜಾ ಸಿಕ್ಕರೆ ಬಿಡಬೇಡಿ, ಹುಳಿಮೆಣಸಿನಲ್ಲಿ ಅದರ ರುಚಿ ಊರಿನದೇ.

ಆಸ್ಪತ್ರೆ: ನಾವಿದ್ದಾಗಲೇ, 2018ರಲ್ಲಿ, ಮ್ಯಾನ್ಲಿಯ ಹಳೆಯ ಆಸ್ಪತ್ರೆ ಮುಚ್ಚಿ ಫ್ರೆಂಚ್ಸ್ ಫಾರೆಸ್ಟ್‌ನಲ್ಲಿ ಹೊಸದು ಶುರುವಾಯಿತು, ಅದು ಕಾರಿನ ದೂರ. ಕ್ರೊನಲ್ಲಾಕ್ಕೆ ಹತ್ತಿರದ ಕ್ಯಾರಿಂಗ್‌ಬಾದಲ್ಲೇ ಸರ್ಕಾರಿ ಆಸ್ಪತ್ರೆ ಇದೆ. ಬಾಡಿಗೆ ಎರಡೂ ಕಡೆ ಭಾರ, ಮ್ಯಾನ್ಲಿ ಇನ್ನೂ ಹೆಚ್ಚು. ಅಲ್ಲಿಯ ನಮ್ಮ ಫ್ಲಾಟಿನ ಮಲಗುವ ಕೋಣೆಯ ಗೋಡೆ ಚಳಿಗಾಲವಿಡೀ ಬೂಸ್ಟು ಹಿಡಿಯುತ್ತಿತ್ತು, ಏಜೆಂಟರಿಗೆ ಎಷ್ಟು ಪತ್ರ ಬರೆದರೂ ಬಣ್ಣ ಬಳಿದು ಹೋದರೇ ಹೊರತು ತೇವ ಎಲ್ಲಿಂದ ಬರುತ್ತದೆಂದು ನೋಡಲಿಲ್ಲ. ಕಡಲಬದಿಯ ಯಾವ ಮನೆ ನೋಡಲು ಹೋದರೂ ಮಂಚ, ಬೀರುಗಳ ಹಿಂದೆ ಕೈಯಾಡಿಸಿ ನೋಡಿ. ಬೇಸಿಗೆಯಲ್ಲಿ ಈಶಾನ್ಯದ ಗಾಳಿ ಬೀಸಿದರೆ ಬ್ಲೂಬಾಟಲ್ ಎಂಬ ನೀಲಿ ಕುಟುಕುಜೀವಿಗಳು ಎರಡೂ ತೀರಗಳಿಗೆ ಬರುತ್ತವೆ. ಕುಟುಕಿದ ಜಾಗವನ್ನು ಸಹಿಸುವಷ್ಟು ಬಿಸಿನೀರಿನಲ್ಲಿ ಹಿಡಿಯುವುದೇ ಮದ್ದು.

ಕ್ರೊನಲ್ಲಾಕ್ಕೆ ಹೋಗುತ್ತೇವೆ ಎಂದಾಗ ಗೆಳತಿಯರು ಕೇಳಿದ್ದು ಒಂದೇ ಪ್ರಶ್ನೆ: ಅಲ್ಲಿ ನಮ್ಮಂಥವರಿಗೆ ಭಯವಿಲ್ಲವೇ? 2005ರ ಡಿಸೆಂಬರ್ 11ರಂದು ಸಾವಿರಾರು ಜನ ಇಲ್ಲಿಯ ತೀರದಲ್ಲಿ ಸೇರಿ, ಅರಬ್ ಮೂಲದವರಂತೆ ಕಂಡವರ ಮೇಲೆಲ್ಲ ಕೈಮಾಡಿದ್ದರು. ಅದನ್ನು ಮರೆತು ಈ ಊರಿನ ಬಗ್ಗೆ ಬರೆಯುವುದು ಸರಿಯಲ್ಲ. ಮೊದಲ ತಿಂಗಳು ನಾನು ಕಡಲ ಪಕ್ಕದ ಎಸ್ಪ್ಲನೇಡ್ ದಾರಿಯಲ್ಲಿ ನಡೆಯುವಾಗ ಎದುರು ಬರುವವರ ಮುಖ ನೋಡಿಕೊಂಡೇ ನಡೆಯುತ್ತಿದ್ದೆ. ಈ ವರ್ಷಗಳಲ್ಲಿ ನನಗೆ ಕೆಟ್ಟ ಅನುಭವವಾಗಿಲ್ಲ. ಇದು ನನ್ನೊಬ್ಬಳ ಮಾತು, ಎಲ್ಲರ ಪರವಾಗಿ ಹೇಳಲಾರೆ. ಎರಡೂ ಊರುಗಳಲ್ಲಿ ನಮ್ಮ ಬಣ್ಣದವರು ಕಡಿಮೆ, ಮಗಳ ತರಗತಿಯಲ್ಲಿ ಅದು ಎದ್ದು ಕಾಣುತ್ತದೆ.

ಆದರೆ ನನ್ನ ಮನಸ್ಸು ಗಟ್ಟಿಯಾದದ್ದು ಅತ್ತೆ ಬಂದಾಗ. ಮ್ಯಾನ್ಲಿಗೆ ಬಂದಿದ್ದಾಗ ಅವರು ನಾರ್ಫೋಕ್ ಪೈನ್ ಮರಗಳ ಕೆಳಗಿನ ಬೆಂಚಿನಲ್ಲಿ ಕೂತು ಸಮುದ್ರ ನೋಡಿ ಮನೆಗೆ ಬರುತ್ತಿದ್ದರು. ನೀರು ಮುಟ್ಟಿದ್ದು ಒಂದೆರಡು ಸಲ. ಕ್ರೊನಲ್ಲಾಕ್ಕೆ ಬಂದ ಬೇಸಿಗೆಯಲ್ಲಿ ಚೂಡಿದಾರ್ ಹಾಕಿಕೊಂಡು ಬಾತ್ಸ್‌ನ ಮೆಟ್ಟಿಲು ಒಂದೊಂದಾಗಿ ಇಳಿದು ಸೊಂಟದವರೆಗಿನ ನೀರಿನಲ್ಲಿ ಕೂತರು. ಯಾರೂ ತಿರುಗಿ ನೋಡಲಿಲ್ಲ. 'ಮೊಣಕಾಲಿಗೆ ಎಷ್ಟು ಹಗುರ ಮಾರಾಯ್ತಿ' ಎಂದರು. ಮೂರು ತಿಂಗಳು ದಿನ ತಪ್ಪಿಸಲಿಲ್ಲ. ಬರುವ ದಾರಿಯಲ್ಲಿ ಹೆಕ್ಕಿದ ಚಿಪ್ಪುಗಳನ್ನು ಕಿಟಕಿಯಲ್ಲಿ ಸಾಲಾಗಿ ಇಡುತ್ತಿದ್ದರು. ಕ್ರೊನಲ್ಲಾ ಎಂಬ ಹೆಸರೇ ಇಲ್ಲಿಯ ಮೂಲನಿವಾಸಿಗಳ ಮಾತಿನಲ್ಲಿ ಗುಲಾಬಿ ಬಣ್ಣದ ಚಿಪ್ಪುಗಳ ಜಾಗ ಎಂದರ್ಥ ಎಂದು ಹೇಳಿದಾಗ ಅವರಿಗೆ ತುಂಬ ಖುಷಿಯಾಯಿತು.

ಹಾಗಾದರೆ ಮ್ಯಾನ್ಲಿ ಬೇಡವೇ? ಮಕ್ಕಳಿಲ್ಲದ, ನಗರದ ನಡುವೆ ಕೆಲಸವಿರುವ, ಈಜು ಬಲ್ಲ ಇಬ್ಬರು ಕೇಳಿದರೆ ಮ್ಯಾನ್ಲಿಗೇ ಹೋಗಿ ಎನ್ನುತ್ತೇನೆ. ಕ್ರೊನಲ್ಲಾದಲ್ಲಿ ಇಲ್ಲದ ಒಂದು ಸಂಪತ್ತು ಅಲ್ಲಿದೆ: ಶೆಲ್ಲಿ ಬೀಚ್‌ನ ಕ್ಯಾಬೇಜ್ ಟ್ರೀ ಕೊಲ್ಲಿ. 2002ರಿಂದ ಅಲ್ಲಿ ಮೀನು ಹಿಡಿಯುವಂತಿಲ್ಲ, ಒಂದು ಚಿಪ್ಪನ್ನೂ ಎತ್ತುವಂತಿಲ್ಲ. ಅದರ ಪಕ್ಕದ ದಾರಿಯಲ್ಲಿ ಎರಡು ವರ್ಷ ವಾಕಿಂಗ್ ಮಾಡಿದ್ದೆ, ನೀರೊಳಗೆ ಏನಿದೆಯೆಂದು ತಿಳಿದಿರಲಿಲ್ಲ.

ಕಳೆದ ಮಾರ್ಚ್‌ನಲ್ಲಿ, ನೀರು ಬೆಚ್ಚಗಿದ್ದಾಗ, ಮಗಳ ಜೊತೆ ಮಾಸ್ಕ್ ಹಾಕಿಕೊಂಡು ಅಲ್ಲಿ ಇಳಿದೆ. ಕಡಲಹುಲ್ಲು ಅಲೆಗೆ ತೊನೆಯುತ್ತಿತ್ತು. ಅದರ ನಡುವಿನಿಂದ ನನ್ನ ತೋಳಿನಷ್ಟು ಉದ್ದದ ನೀಲಿ ಗ್ರೋಪರ್ ಮೀನು ಬಂತು. ಈ ಮೀನುಗಳು ಹುಟ್ಟುವಾಗ ಎಲ್ಲವೂ ಹೆಣ್ಣು, ಕಂದು ಬಣ್ಣ. ದೊಡ್ಡವಾದ ಮೇಲೆ ಕೆಲವು ಗಂಡಾಗಿ ನೀಲಿ ತಿರುಗುತ್ತವೆ. ದಪ್ಪ ತುಟಿ, ಸುತ್ತ ತಿರುಗುವ ಪುಟ್ಟ ಕಣ್ಣು. ಬಂಡೆ ಕಚ್ಚಿ ಏನನ್ನೋ ಒಡೆಯುವ ಸದ್ದು ನೀರೊಳಗೆ ಕಟಕ್ ಎಂದು ಕೇಳಿಸಿತು. ಮಗಳು ನನ್ನ ಕೈ ಬಿಗಿಯಾಗಿ ಹಿಡಿದಿದ್ದಳು. ಸಂಜೆ ಫೆರಿಯ ಹೊರಗಿನ ಬೆಂಚಿನಲ್ಲಿ ಕೂದಲು ಒಣಗಿಸಿಕೊಂಡು ಸರ್ಕ್ಯುಲರ್ ಕೀಗೆ ಬಂದೆವು, ಟೌನ್ ಹಾಲ್ ಸ್ಟೇಷನ್ನಿನಲ್ಲಿ ಬದಲಿಸಿ ಕ್ರೊನಲ್ಲಾ ರೈಲು ಹತ್ತಿದೆವು. ಕೋಮೋ ಸೇತುವೆ ಬರುವ ಹೊತ್ತಿಗೆ ಅವಳಿಗೆ ನಿದ್ದೆ ಬಂದಿತ್ತು.