ಅರಬ್ಬಿ ಯುವಜನರಲ್ಲಿ ಸೈಕೋಸಿಸ್‌ನ ಮುನ್ಸೂಚನೆ: ಪ್ರಶ್ನಾವಳಿಯೋ, ಸಂದರ್ಶನವೋ?

ನೂರಾರು ವಿದ್ಯಾರ್ಥಿಗಳನ್ನು ಒಮ್ಮೆಗೇ ನೋಡಬೇಕಾದಾಗ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮಾನಸಿಕ ಸ್ಥಿತಿ) ಬರುವ ಮುನ್ನಿನ ಲಕ್ಷಣಗಳನ್ನು ಹುಡುಕುವ ಪ್ರಶ್ನಾವಳಿ ಪಿಕ್ಯೂ-16 ಅನುಕೂಲ: 16 ಪ್ರಶ್ನೆ, ಕೆಲವೇ ನಿಮಿಷ, ಅಲ್ಪ ಖರ್ಚು. ಎದುರಿಗೆ ಹೇಳಲು ನಾಚುವವರೂ ಕಾಗದದ ಮೇಲೆ ಗುರುತು ಹಾಕಿಯಾರು. ಸಿಎಎಆರ್‌ಎಂಎಸ್ ಎಂಬ, ಅಂಥ ಲಕ್ಷಣಗಳನ್ನು ವಿವರವಾಗಿ ಕೇಳಿ ತಿಳಿಯುವ ಸಂದರ್ಶನಕ್ಕೆ ತರಬೇತಿ ಪಡೆದವರು ಬೇಕು, ಹೆಚ್ಚು ಸಮಯವೂ ಬೇಕು.

ನನ್ನನ್ನು ಹೆಚ್ಚು ಕಾಡುವುದು ಭಾಷೆ. ಬರೆಯುವ ಅರಬ್ಬಿ ಫುಸ್ಹಾ, ಅಂದರೆ ಶಿಷ್ಟರೂಪ. ಮನೆಮಾತು ಕೈರೋದಲ್ಲಿ ಒಂದು, ಮೊರಾಕೊದಲ್ಲಿ ಇನ್ನೊಂದು. ಅಚ್ಚಾದ ಪ್ರಶ್ನೆ ಕೆಲವರಿಗೆ ಗ್ರಂಥಭಾಷೆಯಂತೆ ದೂರ ನಿಲ್ಲುತ್ತದೆ. ಜಿನ್‌ಗಳಲ್ಲಿ (ಕಣ್ಣಿಗೆ ಕಾಣದ ಜೀವಿಗಳಲ್ಲಿ) ನಂಬಿಕೆ ಮನೆಯವರೆಲ್ಲರಿಗೂ ಇರಬಹುದು, ಅದು ರೋಗಲಕ್ಷಣವಲ್ಲ. ಆದರೆ ಅವುಗಳ ಧ್ವನಿ ಒಬ್ಬನಿಗೇ ಕೇಳಿಸಿ, ನಿದ್ದೆ-ಓದು ಕೆಟ್ಟಿದ್ದರೆ? ‘ಹೌದು’ ಎಂಬ ಗುರುತು ಈ ವ್ಯತ್ಯಾಸ ತಿಳಿಸದು. ಅವನ ಆಡುನುಡಿ ಬಲ್ಲವರು ಕುಳಿತು ಕೇಳಲೇಬೇಕು.

ತಜ್ಞರಿಲ್ಲದ ಶಾಲೆ, ನಿರಾಶ್ರಿತರ ಶಿಬಿರಗಳಲ್ಲಿ ಪ್ರಶ್ನಾವಳಿಯಿಂದ ಆರಂಭಿಸಿ; ಆದರೆ ಅಂಕ ನೋಡಿ ಯಾರಿಗೂ ರೋಗದ ಹೆಸರು ಕೊಡಬೇಡಿ. ಯುವಕ ಈಗಾಗಲೇ ಕ್ಲಿನಿಕ್ಕಿಗೆ ಬಂದಿದ್ದರೆ ನೇರ ಸಂದರ್ಶನಕ್ಕೇ ಹೋಗಿ.